ತಿಪ್ಪೆಯೊಳಗಣ ಕಾಡು

ಬೆಟ್ಟವನ್ನಗೆದು ಇಲಿಯನ್ನು ಹಿಡಿದವರ ಮಾತು ನಮ್ಮಲ್ಲಿ ಗಾದೆಯಾಗಿ ನಿಂತಿದೆ. ವ್ಯರ್ಥಶ್ರಮಕ್ಕೆ ಅದಕ್ಕಿಂತ ಒಳ್ಳೆಯ ಹೋಲಿಕೆ ದೊರೆಯಲಾರದು. ಆದರೆ ಇಲಿಯ ಗೂಡನ್ನು ಕೆದಕಿ ಬೆಟ್ಟವನ್ನೇ ಹಿಡಿದವರೂ ಉಂಟು. ಬೆಟ್ಟವನ್ನಷ್ಟೇ ಅಲ್ಲ, ಹತ್ತಾರು ಸಾವಿರ ವರ್ಷಗಳ ಹಿಂದೆ ಅದರ ಮೇಲೆ ಬೆಳೆದು ಹೆಸರಿಲ್ಲದಂತೆ ಅಳಿದುಹೋದ ಕಾಡನ್ನೂ ಅವರು ಹಿಡಿದರು. ಆ ಕಥೆಯನ್ನು ಇಂದು ಓದುಗರ ಮುಂದಿಡಬೇಕೆಂದಿದ್ದೇನೆ.

ಕಥೆಯ ಮೊದಲ ಪ್ರಸಂಗ ಸ್ವಲ್ಪ ಅಸಹ್ಯಕರವಾದುದು. 1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಸುದ್ದಿಯನ್ನು ಕೇಳಿ ಅಮೆರಿಕದ ಪೂರ್ವಭಾಗದಿಂದ ಸಾವಿರಾರು ಜನ ಪಶ್ಚಿಮಕ್ಕೆ ಹೊರಟರು. ಅವರಲ್ಲೊಂದು ತಂಡ ನೆವಾಡ ಪ್ರಾಂತದ ಮರುಭೂಮಿಯಲ್ಲಿ ಸಿಕ್ಕಿಕೊಂಡಿತು. ಹಸಿವಿನಿಂದ ಬಳಲಿದ ಆ ಜನಕ್ಕೆ ಬಂಡೆಯ ಕೊರಕಲಿನಲ್ಲಿ ಹೊಳೆಹೊಳೆಯುವ ಉಂಡೆಗಳು ಕಂಡುವು. ನೋಡಿದರೆ ಪಾಕದಲ್ಲಿ ಅದ್ದಿ ಅಂಟಿಸಿದ ಮಿಠಾಯಿಯ ಹಾಗಿದ್ದುವಂತೆ. ಬಾಯಿಗಿಟ್ಟರೆ ಸಿಹಿ. ತಿಂದರು. ಆಮೇಲೆ ಕೆಲವರಿಗೆ ಹೊಟ್ಟೆ ತೊಳಸಿತು. ಆ ಉಂಡೆಗಳು ಒಂದು ಬಗೆಯ ಇಲಿಯ ಮೂತ್ರ ಒಣಗಿ ಗಟ್ಟಿಕಟ್ಟಿದವುಗಳಾಗಿದ್ದುವು. ಪಾಪ, ಅವರು ತಿಂದುದು ಪ್ರಾಯಶಃ ಹತ್ತು ಸಾವಿರ ವರ್ಷಗಳ ಹಿಂದಿನ ದಾಖಲೆಯನ್ನು! ದಾಖಲೆಗಳನ್ನು ಇಲಿ ತಿನ್ನುವುದನ್ನು ನಾವೆಲ್ಲ ಬಲ್ಲೆವು. ಇಲಿಯ ದಾಖಲೆಯನ್ನು ಮನುಷ್ಯರು ತಿಂದ ಉದಾಹರಣೆ ಇದೊಂದೇ ಇರಬೇಕು.

ಈ ಇಲಿಗೆ ಅಲ್ಲಿನವರು ಪ್ಯಾಕ್‌ರ‍್ಯಾಟ್ ಎನ್ನುತ್ತಾರೆ. ಪ್ರಾಣಿಶಾಸ್ತ್ರಜ್ಞರು ಅದರ ಕುಲಕ್ಕೆ ಕೊಟ್ಟ ಹೆಸರು ನಿಯೋಟೋಮ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ಅದು ನಮ್ಮ ನಾಡಿನ ಪ್ರಾಣಿಯಲ್ಲವಾದ್ದರಿಂದ ಇರಬೇಕಾದುದೂ ಇಲ್ಲ. ಈ ಲೇಖನದ ಮಟ್ಟಿಗೆ 'ಗಂಟಿಲಿ' ಎಂದು ಕರೆಯೋಣ. ಏಕೆಂದರೆ ಗಂಟು ಕಟ್ಟುವುದೇ ಅದರ ಸ್ವಭಾವ. ಕಡ್ಡಿ, ಎಲೆ, ಬೀಜ, ಕಳ್ಳಿಯ ಮುಳ್ಳು, ಸತ್ತ ಪ್ರಾಣಿಯ ಎಲುಬು, ಕಲ್ಲು—ಕಂಡುದನ್ನೆಲ್ಲ ಹೊತ್ತು ತಂದು ಬಂಡೆಯ ಬಿರುಕಿನಲ್ಲಿ ಒಟ್ಟುತ್ತದೆ. ಬಾಯಲ್ಲೊಂದು ವಸ್ತುವಿರುವಾಗ ಅದಕ್ಕಿಂತ ಚೆಂದವಾದುದು ಕಂಡರೆ ಮೊದಲಿನದನ್ನು ಅಲ್ಲಿಯೇ ಇಳಿಸಿ ಹೊಸದನ್ನು ಎತ್ತಿಕೊಂಡು ಹೋಗುತ್ತದೆ. ಕಾಡಿನಲ್ಲಿ ಬಿಡಾರ ಹೂಡಿದವರು ಬೆಳಿಗ್ಗೆ ಎದ್ದು ನೋಡಿದರೆ ಚಮಚ ಮಾಯವಾಗಿ ಅದರ ಸ್ಥಾನದಲ್ಲೊಂದು ಪೈನ್ ಕಾಯಿ ಬಿದ್ದಿರುವುದುಂಟು. ಅದಕ್ಕಾಗಿ ಈ ಪ್ರಾಣಿಗೆ 'ವ್ಯಾಪಾರಿ ಇಲಿ' ಎಂಬ ಇನ್ನೊಂದು ಹೆಸರೂ ಬಂದಿದೆ.

ಗಂಟಿಲಿ ದೂರ ಹೋಗುವ ಪ್ರಾಣಿಯಲ್ಲ. ತನ್ನ ಗೂಡಿನಿಂದ ಹೆಚ್ಚೆಂದರೆ ಐವತ್ತು ಅರವತ್ತು ಗಜಗಳ ಸುತ್ತಳತೆಯಲ್ಲಿ ಅದರ ಸಂಚಾರವೆಲ್ಲ ಮುಗಿಯುತ್ತದೆ. ತಂದುದರಲ್ಲಿ ತಿಂದುಳಿದ ಕಸವನ್ನು ಗೂಡಿನ ಮಗ್ಗುಲಲ್ಲಿ ರಾಶಿ ಹಾಕಿ ಅದರ ಮೇಲೆಯೇ ಮೂತ್ರ ವಿಸರ್ಜಿಸುತ್ತದೆ. ಮರುಭೂಮಿಯ ಪ್ರಾಣಿಯಾದ್ದರಿಂದ ನೀರಿನ ವಿಷಯದಲ್ಲಿ ಅದು ಬಹಳ ಜಿಪುಣ. ಮೂತ್ರ ತೀರ ಮಂದವಾದುದು. ಅದು ಒಣಗಿ ಹರಳುಗಟ್ಟಿದಾಗ ಕಪ್ಪುಗೆಂಪು ಬಣ್ಣದ ರಾಳದಂತಾಗಿ, ಒಳಗಿನ ಎಲೆ ಕಡ್ಡಿಗಳನ್ನೆಲ್ಲ ಬಂಧಿಸಿ ಬಂಡೆಗೆ ಬೆಸೆದುಬಿಡುತ್ತದೆ. ಹುಳು ಹತ್ತದು, ಬೂಷ್ಟು ಹಿಡಿಯದು. ಗಾಳಿಯಲ್ಲಿ ತೇವವೇರಿದರೆ ಮೇಲ್ಪದರ ಕೊಂಚ ಕರಗಿ ಮತ್ತೆ ಗಟ್ಟಿಯಾಗಿ ಹೊಸ ಮುಚ್ಚಳವಾಗುತ್ತದೆ. ಮಳೆ ತಾಗದ ಗುಹೆಯಲ್ಲಿ ಇಂಥ ತಿಪ್ಪೆ ಐವತ್ತು ಸಾವಿರ ವರ್ಷ ಕೂಡ ಕೆಡದೆ ಉಳಿಯಬಲ್ಲುದು.

ನನ್ನಂಥ ಕನ್ನಡದ ಮೇಷ್ಟರಿಗೆ ಇಲಿಯ ವಿಷಯದಲ್ಲಿ ಒಂದು ಹಳೆಯ ಹಗೆಯುಂಟೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಎಂ.ಎ. ತರಗತಿಯಲ್ಲಿದ್ದಾಗ ಒಂದು ಹಳ್ಳಿಯ ಮನೆಯ ಅಟ್ಟದ ಮೇಲೆ ಓಲೆಗರಿಯ ಕಟ್ಟೊಂದಿದೆಯೆಂದು ತಿಳಿದು, ಎರಡು ಬಸ್ಸು ಬದಲಾಯಿಸಿ, ನಾಲ್ಕು ಮೈಲಿ ನಡೆದು ಹೋಗಿದ್ದೆ. ಮನೆಯ ಯಜಮಾನರು ಭಕ್ತಿಯಿಂದ ಬಟ್ಟೆಯ ಗಂಟನ್ನು ಬಿಚ್ಚಿದರು. ಗರಿಗಳ ಎಡಭಾಗವನ್ನೆಲ್ಲ ಇಲಿ ಅಚ್ಚುಕಟ್ಟಾಗಿ ಅರ್ಧಚಂದ್ರಾಕಾರದಲ್ಲಿ ಕೊರೆದಿತ್ತು. ಪ್ರತಿಯೊಂದು ಪದ್ಯದ ಮೊದಲ ಏಳೆಂಟು ಅಕ್ಷರಗಳು ಇಲ್ಲ. ಸಂಪಾದಕರು ಇಂಥ ಕಡೆ 'ಗ್ರಂಥಪಾತ' ಎಂದು ಬರೆದು ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತಾರೆ. ಆ ಚುಕ್ಕಿಗಳನ್ನು ಇಡುತ್ತ ಇಡುತ್ತ ನಾನು ಆ ವಂಶಕ್ಕೇ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಅದೇ ವಂಶದ ದೂರದ ದಾಯಾದಿಯೊಂದು ಜಗತ್ತಿನ ಬಹು ದೊಡ್ಡ ಗ್ರಂಥಪಾತವನ್ನು ತುಂಬಿಕೊಟ್ಟಿತೆಂಬುದನ್ನು ತಿಳಿದ ಮೇಲೆ ಶಾಪವನ್ನು ಭಾಗಶಃ ಹಿಂತೆಗೆದುಕೊಂಡಿದ್ದೇನೆ.

ಅದನ್ನು ಮೊದಲು ಓದಿದವರು ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜೋರ್ಗೆನ್ಸನ್ ಎಂಬ ಇಬ್ಬರು ವಿಜ್ಞಾನಿಗಳು. 1960ರ ದಶಕದ ಆರಂಭದಲ್ಲಿ ಅವರು ನೆವಾಡದ ಅಣುಬಾಂಬು ಪರೀಕ್ಷಾ ಕ್ಷೇತ್ರದ ಸುತ್ತಣ ಬೆಟ್ಟಗಳಲ್ಲಿ ಸಸ್ಯಗಳನ್ನು ಗುರುತಿಸುತ್ತ ಅಲೆಯುತ್ತಿದ್ದರು. ಅಲ್ಲಿ ಎಲ್ಲಿ ನೋಡಿದರೂ ಕ್ರಿಯೋಸೋಟ್ ಎಂಬ ಕುರುಚಲು ಪೊದೆ, ಕಳ್ಳಿ, ಬರಿಯ ಕಲ್ಲು. ಜೂನಿಪರ್ ಮರವೇನಾದರೂ ಉಂಟೋ ಎಂದು ಒಂದು ಬೆಟ್ಟದ ನೆತ್ತಿಯವರೆಗೆ ಹತ್ತಿ ನೋಡಿದರು, ಒಂದೂ ಇರಲಿಲ್ಲ. ಹಿಂದಿರುಗುವಾಗ ಬಂಡೆಯ ಆಸರೆಯಲ್ಲಿ ಕಪ್ಪಗೆ ಹೊಳೆಯುವ ಗಂಟಿಲಿಯ ತಿಪ್ಪೆ ಸಿಕ್ಕಿತು. ಒಡೆದು ನೋಡಿದರೆ ಒಳಗೆ ಜೂನಿಪರಿನ ರೆಂಬೆಗಳು, ಬೀಜಗಳು! ಇಲಿ ಅರವತ್ತು ಗಜದಾಚೆ ಹೋಗುವುದಿಲ್ಲ. ಆದುದರಿಂದ ಮರ ಅಲ್ಲಿಯೇ ಇದ್ದಿರಬೇಕು. ಈಗ ಇಲ್ಲ. ಹಾಗಾದರೆ ಯಾವಾಗ ಇತ್ತು?

ಕಾಲವನ್ನು ಅಳೆಯುವ ಸಾಧನ ಅಷ್ಟು ಹೊತ್ತಿಗೆ ಕೈಗೆ ಬಂದಿತ್ತು. ಜೀವವಿರುವ ಗಿಡ ಗಾಳಿಯಿಂದ ಸಾಮಾನ್ಯ ಇಂಗಾಲದೊಡನೆ ವಿಕಿರಣಶೀಲವಾದ ಇಂಗಾಲ-14ನ್ನೂ ಅಣುಮಾತ್ರ ಹೀರಿಕೊಳ್ಳುತ್ತದೆ; ಸತ್ತ ಮೇಲೆ ಹೀರುವುದು ನಿಂತು, ಇದ್ದುದು ಕ್ಷಯಿಸತೊಡಗುತ್ತದೆ; ಸುಮಾರು 5,730 ವರ್ಷಗಳಲ್ಲಿ ಅರ್ಧವಾಗುತ್ತದೆ. ಉಳಿದುದನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ವಿಲರ್ಡ್ ಲಿಬ್ಬಿ 1949ರ ಹೊತ್ತಿಗೆ ಈ ವಿಧಾನವನ್ನು ರೂಪಿಸಿ, 1960ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನವನ್ನು ಪಡೆದರು. ವೆಲ್ಸ್ ಮತ್ತು ಜೋರ್ಗೆನ್ಸನ್ 1964ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದಾಗ ಅವರ ತಿಪ್ಪೆಗಳ ವಯಸ್ಸು 7,800 ವರ್ಷಗಳಿಂದ ಹಿಡಿದು 40,000 ವರ್ಷಗಳನ್ನೂ ಮೀರಿತ್ತು. ಹಿಮಯುಗದಲ್ಲಿ ಈ ಮರುಭೂಮಿ ಮರುಭೂಮಿಯಾಗಿರಲಿಲ್ಲ. ಈಗ ಎತ್ತರದ ಬೆಟ್ಟಗಳಲ್ಲಿ ಮಾತ್ರ ಬದುಕುವ ಜೂನಿಪರ್ ಆಗ ಸುಮಾರು 600 ಮೀಟರುಗಳಷ್ಟು ಕೆಳಗಿಳಿದು ತಪ್ಪಲುಗಳನ್ನೆಲ್ಲ ಆವರಿಸಿತ್ತು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಆ ಬೆಟ್ಟಗಳ ಬುಡದಲ್ಲಿಯೇ 1951ರಿಂದ ಅಣುಬಾಂಬುಗಳನ್ನು ಬಯಲಿನಲ್ಲಿ ಸಿಡಿಸಿ ಪರೀಕ್ಷಿಸುತ್ತಿದ್ದರು. ಹಲವು ದೇಶಗಳು ಹೀಗೆ ಮಾಡಿದ ಪರೀಕ್ಷೆಗಳಿಂದ 1960ರ ದಶಕದ ನಡುವಿನ ಹೊತ್ತಿಗೆ ಭೂಮಿಯ ಉತ್ತರಾರ್ಧದ ಗಾಳಿಯಲ್ಲಿದ್ದ ಇಂಗಾಲ-14ರ ಪ್ರಮಾಣ ಹೆಚ್ಚುಕಡಮೆ ಇಮ್ಮಡಿಯಾಯಿತು. ಅಂದರೆ ಕಾಲವನ್ನು ಅಳೆಯುವ ಗಡಿಯಾರದ ಮುಳ್ಳನ್ನು ಒಂದು ಕೈ ತಿರುಚುತ್ತಿದ್ದ ಜಾಗದಲ್ಲಿಯೇ ಇನ್ನೊಂದು ಕೈ ಆ ಗಡಿಯಾರವನ್ನು ನೋಡಿ ನಲವತ್ತು ಸಾವಿರ ವರ್ಷಗಳನ್ನು ಎಣಿಸುತ್ತಿತ್ತು. ತಿಪ್ಪೆಯೊಳಗಿನ ರೆಂಬೆಗಳು ಎಂದೋ ಸತ್ತುವಾದ್ದರಿಂದ ಆ ಹೊಸ ಇಂಗಾಲ ಅವುಗಳ ಒಡಲನ್ನು ಸೇರಲಿಲ್ಲ.

ತಿಪ್ಪೆಯನ್ನು ಓದುವ ಬಗೆ ಹೇಗೆ? ಸುತ್ತಿಗೆ ಉಳಿಗಳಿಂದ ಬಂಡೆಯಿಂದ ಬಿಡಿಸಿ ತಂದ ಗಟ್ಟಿಯನ್ನು ಬಕೆಟ್ಟಿನ ನೀರಿನಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಹಿಮಯುಗದ ಮೂತ್ರ ಕರಗಿ ನೀರು ಕಾಫಿಯ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಸಾವಿರಾರು ವರ್ಷಗಳಾದರೂ ಹೋಗಿರುವುದಿಲ್ಲ. ಉಳಿದುದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಚಿಮಟದಿಂದ ಒಂದೊಂದನ್ನೇ ಬೇರ್ಪಡಿಸಬೇಕು—ನಮ್ಮ ಮನೆಗಳಲ್ಲಿ ಮೊರದಲ್ಲಿ ಅಕ್ಕಿಯಿಂದ ಕಲ್ಲನ್ನಾರಿಸುವ ತಾಳ್ಮೆಯೇ ಇಲ್ಲಿಯೂ ಬೇಕಾದುದು. ಸರೋವರದ ಕೆಸರಿನಲ್ಲಿ ಸಿಗುವ ಪರಾಗದಿಂದ 'ಯಾವುದೋ ಪೈನ್' ಎಂದಷ್ಟೇ ಹೇಳಲು ಸಾಧ್ಯವಾಗುವುದು ಹೆಚ್ಚು. ತಿಪ್ಪೆಯಲ್ಲಿ ಸಿಗುವುದು ಇಡಿಯ ಸೂಜಿಯೆಲೆ, ಇಡಿಯ ಬೀಜ. ಪೈನುಗಳಲ್ಲಿ ಯಾವ ಪೈನ್ ಎಂದು ಖಚಿತವಾಗಿ ಹೇಳಬಹುದು.

ಎಲೆಯನ್ನು ಇನ್ನೂ ಹತ್ತಿರದಿಂದ ನೋಡಿದರೆ ಅದರ ಮೈಮೇಲಿನ ಉಸಿರಾಟದ ರಂಧ್ರಗಳು ಕಾಣುತ್ತವೆ. ಗಾಳಿಯಲ್ಲಿ ಇಂಗಾಲಾಮ್ಲ ವಾಯು ಕಡಮೆಯಿದ್ದ ಹಿಮಯುಗದಲ್ಲಿ ಗಿಡಕ್ಕೆ ಹೆಚ್ಚು ರಂಧ್ರಗಳು ಬೇಕಾಗಿದ್ದುವು. ಆ ವಾಯು ಹೆಚ್ಚಿದಂತೆ ರಂಧ್ರಗಳ ದಟ್ಟಣೆ ಕಡಮೆಯಾಯಿತು. ತಿಪ್ಪೆಗಳಿಂದ ಆರಿಸಿದ ಲಿಂಬರ್ ಪೈನಿನ ಸೂಜಿಗಳಲ್ಲಿ ಈ ಇಳಿತವನ್ನು ಎಣಿಸಿ ತೋರಿಸಿದ ಅಧ್ಯಯನವೊಂದು 1994ರಲ್ಲಿ ಬಂದಿತು. ಇಲಿಯ ಹಿಕ್ಕೆ ಕೂಡ ವ್ಯರ್ಥವಲ್ಲ. ದೊಡ್ಡ ಇಲಿಯ ಹಿಕ್ಕೆ ದೊಡ್ಡದು, ಸಣ್ಣದರದು ಸಣ್ಣದು. ಚಳಿಯ ಕಾಲದಲ್ಲಿ ಪ್ರಾಣಿಗಳ ಮೈ ಹಿರಿದಾಗಿರುವುದು ಸಾಮಾನ್ಯ ನಿಯಮ. ದೊಡ್ಡ ಮೈ ಬಿಸಿಯನ್ನು ಉಳಿಸಿಕೊಳ್ಳುತ್ತದೆ. ಫೆಲಿಸಾ ಸ್ಮಿತ್ ಮತ್ತು ಅವರ ಸಂಗಡಿಗರು ಕಳೆದ 25,000 ವರ್ಷಗಳ ಹಿಕ್ಕೆಗಳನ್ನು ಅಳೆದು, ಚಳಿಯಿದ್ದಾಗ ಗಂಟಿಲಿಗಳು ದೊಡ್ಡವಾಗಿಯೂ ಸೆಕೆಯೇರಿದಾಗ ಚಿಕ್ಕವಾಗಿಯೂ ಇದ್ದುವೆಂದು 1995ರಲ್ಲಿ ತೋರಿಸಿಕೊಟ್ಟರು. ಬರೆದವನ ಕೈಬರಹದಿಂದಲೇ ಆ ದಿನ ಅವನಿಗೆ ಚಳಿಯಾಗುತ್ತಿತ್ತೆಂದು ಕಂಡುಹಿಡಿದ ಹಾಗಾಯಿತು!

ಆದರೆ ಲಿಪಿಕಾರನನ್ನು ಕುರುಡಾಗಿ ನಂಬಬಾರದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಪ್ರತಿ ಮಾಡುವವನಿಗೆ ತನ್ನದೇ ಆದ ಊರು, ಉಚ್ಚಾರಣೆ, ಚಾಪಲ್ಯ ಇರುತ್ತವೆ. ಗಂಟಿಲಿಯೂ ಅಂತೆಯೇ. ಅದರಲ್ಲಿ ಹಲವು ಜಾತಿಗಳು. ಸ್ಟೀಫನ್ಸನ ಗಂಟಿಲಿಗೆ ಜೂನಿಪರ್ ಎಂದರೆ ಪ್ರಾಣ. ಹೆಚ್ಚಾಗಿ ಅದನ್ನೇ ತಿಂದು ಬದುಕುತ್ತದೆ. ಮರುಭೂಮಿಯ ಗಂಟಿಲಿ ಬೇರೆ ಪ್ರಾಣಿಗಳು ಮುಟ್ಟಲೊಲ್ಲದ ಕ್ರಿಯೋಸೋಟಿನ ಎಲೆಯನ್ನೂ ಅರಗಿಸಿಕೊಳ್ಳಬಲ್ಲುದು. ತಿಪ್ಪೆಯ ತುಂಬ ಜೂನಿಪರ್ ಇದ್ದರೆ ಬೆಟ್ಟದ ತುಂಬ ಜೂನಿಪರ್ ಇತ್ತೆಂದು ಹೇಳಬಹುದೆ? ಇಲಿಗೆ ಅದು ರುಚಿಸಿತೆಂದು ಮಾತ್ರ ಹೇಳಬಹುದೆ? ಆದುದರಿಂದ ಒಂದು ಗಿಡ ಇತ್ತೆಂಬುದಕ್ಕೆ ತಿಪ್ಪೆ ಗಟ್ಟಿಯಾದ ಸಾಕ್ಷಿ. ಎಷ್ಟಿತ್ತೆಂಬುದಕ್ಕೆ ದುರ್ಬಲ ಸಾಕ್ಷಿ. ಇರಲಿಲ್ಲವೆಂಬುದಕ್ಕೆ ಇನ್ನೂ ದುರ್ಬಲ. ಒಂದೇ ಕಾಲದ ಹಲವು ತಿಪ್ಪೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನಿರ್ಣಯಕ್ಕೆ ಬೆಲೆ. ಪಾಠಾಂತರಗಳನ್ನು ಹೋಲಿಸಿದ ಹಾಗೆ.

ಲಿಪಿಕಾರನಿಗಿಲ್ಲದ ಗುಣವೊಂದು ಇಲಿಗುಂಟು. ಅದು ಯಾರನ್ನೂ ಮೆಚ್ಚಿಸಲು ಬರೆದುದಲ್ಲ. ರಾಜನ ಶಾಸನ ಸೋಲನ್ನು ಮುಚ್ಚಿಡುತ್ತದೆ. ಕವಿ ತನ್ನ ಆಶ್ರಯದಾತನ ನಾಡಿನಲ್ಲಿ ತಿಂಗಳಿಗೆ ಮೂರು ಮಳೆ ತರಿಸುತ್ತಾನೆ. ತಿಪ್ಪೆಗೆ ಪ್ರಶಸ್ತಿ ಬರೆಯುವ ಅಭ್ಯಾಸವಿಲ್ಲ.

ಇಂಥ ಬರಹ ಉಳಿಯಬೇಕಾದರೆ ಒಣಹವೆ ಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೆಲ್ಲ ಬೆವರುವ ನಮ್ಮ ಮಳೆಯ ಸೀಮೆಗಳಲ್ಲಿ ಇಲಿಯ ತಿಪ್ಪೆ ಹತ್ತು ವರ್ಷ ಬಾಳಿದರೆ ಹೆಚ್ಚು. ಹಾಗೆಂದು ಪ್ರಾಣಿಗಳ ತಿಪ್ಪೆಯಲ್ಲಿ ಚರಿತ್ರೆಯನ್ನು ಓದುವ ವಿದ್ಯೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಬಳ್ಳಾರಿಯ ಬಳಿಯ ಕುಡತಿನಿಯ ಬೂದಿದಿಬ್ಬವನ್ನು ನೋಡಿದವರಿಗೆ ಇದು ಗೊತ್ತು. ಹಂಪೆಯ ಹತ್ತಿರ ನಿಂಬಾಪುರದಲ್ಲಿರುವ ಅಂಥದೇ ದಿಬ್ಬವನ್ನು ಜನ ವಾಲಿಯನ್ನು ದಹಿಸಿದ ಬೂದಿಯೆಂದು ತೋರಿಸುತ್ತಾರೆ. ಅದು ಸೆಗಣಿ ಬೆಂದ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದರು. ರಾಯಚೂರಿಗೆ ದೂರವಲ್ಲದ ಉಟ್ನೂರಿನಲ್ಲಿ 1957ರಲ್ಲಿ ಅಗೆದ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ಸಿಕ್ಕುವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು 1990ರ ದಶಕದಲ್ಲಿ ನಡೆಸಿದ ಉತ್ಖನನ ನವಶಿಲಾಯುಗದ ದನಗಾಹಿಗಳ ಬಾಳನ್ನು ಇನ್ನಷ್ಟು ಬೆಳಕಿಗೆ ತಂದಿತು. ಬೆಂಕಿಯಲ್ಲಿ ಬೆಂದ ಆ ದಿಬ್ಬಗಳಲ್ಲಿ ಎಲೆ ಕಡ್ಡಿಗಳ ರೂಪ ಬಹುಪಾಲು ಅಳಿದಿರುವುದರಿಂದ ಅವು ದನ ಕಟ್ಟಿದವರ ಕಥೆಯನ್ನು ಹೇಳಿದಷ್ಟು ವಿಶದವಾಗಿ ಕಾಡಿನ ಕಥೆಯನ್ನು ಹೇಳಲಾರವು. ಕಾಡಿನ ಕಥೆಗಾಗಿ ಮತ್ತೆ ಆ ಮರುಭೂಮಿಗೇ ಹೋಗಬೇಕು.

ವೆಲ್ಸರ ಲೇಖನ ಬಂದ ಮೇಲೆ ಅಮೆರಿಕದ ನೈಋತ್ಯ ಭಾಗದಲ್ಲೆಲ್ಲ ತಿಪ್ಪೆಗಳ ಬೇಟೆ ಮೊದಲಾಗಿ ಸಾವಿರಾರು ತಿಪ್ಪೆಗಳ ಕಾಲನಿರ್ಣಯವಾಯಿತು. ಅವನ್ನೆಲ್ಲ ಹೋಲಿಸಿದಾಗ ತಿಳಿದುಬಂದ ಸಂಗತಿಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಹಿಮಯುಗ ಮುಗಿದು ಸೆಕೆಯೇರಿದಾಗ ಕಾಡು ಕೆಳಗಿನಿಂದ ಮೇಲಕ್ಕೆ, ತೆಂಕಣಿಂದ ಬಡಗಕ್ಕೆ ಸರಿಯಿತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಂದು ಊರಿಗೆ ಊರೇ ಗುಳೆ ಹೊರಟ ಹಾಗೆ. ತಿಪ್ಪೆಗಳು ಹೇಳುವುದು ಹಾಗಲ್ಲ. ಕಾಡೆಂಬುದು ಒಂದಾಗಿ ಎದ್ದು ಹೋಗಲಿಲ್ಲ. ಒಂದೊಂದು ಜಾತಿಯ ಮರ ತನ್ನ ಪಾಡಿಗೆ ತಾನು, ತನ್ನದೇ ವೇಗದಲ್ಲಿ, ತನ್ನದೇ ದಿಕ್ಕಿನಲ್ಲಿ ಹೋಯಿತು. ಹಿಮಯುಗದಲ್ಲಿ ಒಂದೇ ಇಳಿಜಾರಿನಲ್ಲಿ ಕೂಡಿ ಬೆಳೆಯುತ್ತಿದ್ದ ಗಿಡಗಳು ಇಂದು ನೂರಾರು ಮೈಲಿ ಅಂತರದಲ್ಲಿವೆ. ಇಂದು ಆ ಸೀಮೆಯ ಎತ್ತರದ ನಾಡುಗಳನ್ನೆಲ್ಲ ತುಂಬಿರುವ ಪಾಂಡೆರೋಸಾ ಪೈನ್ ಹಿಮಯುಗದ ತಿಪ್ಪೆಗಳಲ್ಲಿ ಕಾಣುವುದೇ ಅಪರೂಪ. ಪಿನ್ಯನ್ ಪೈನಿನ ಬಡಗಣ ಯಾತ್ರೆ ಇನ್ನೂ ಮುಗಿದಿಲ್ಲ. ಕೊಲರಾಡೋ ಪ್ರಾಂತದ ಉತ್ತರದಲ್ಲಿ ಅದರ ಕೊನೆಯ ತೋಪು ನೆಲೆಗೊಂಡು ಕೆಲವು ನೂರು ವರ್ಷಗಳಷ್ಟೇ ಆಗಿವೆ.

ಕನ್ನಡದ ಮೇಷ್ಟರ ಮಾತಿನಲ್ಲಿ ಹೇಳುವುದಾದರೆ, 'ಕಾಡು' ಎಂಬುದನ್ನು ನಾವು ಏಕವಚನದಲ್ಲಿ ಪ್ರಯೋಗಿಸುತ್ತೇವೆ. ಇಲಿ ಅದನ್ನು ಬಹುವಚನಕ್ಕೆ ತಿದ್ದಿತು. ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲ. ಒಂದು ಕಾಡನ್ನು ಉಳಿಸಬೇಕೆಂದು ನಾವು ನಕಾಶೆಯ ಮೇಲೆ ಗೆರೆಯೆಳೆದು ಬೇಲಿ ಹಾಕುತ್ತೇವೆ. ಗೆರೆಯೊಳಗಿನ ಗಿಡಗಳೆಲ್ಲ ಒಂದು ಕುಟುಂಬವೆಂದೂ ಸೆಕೆಯೇರಿದರೆ ಎಲ್ಲವೂ ಕೂಡಿಯೇ ಪಕ್ಕದ ಬೆಟ್ಟಕ್ಕೆ ಹತ್ತಿಕೊಳ್ಳುತ್ತವೆಂದೂ ನಂಬುವುದಕ್ಕೆ ತಿಪ್ಪೆಗಳ ಆಧಾರವಿಲ್ಲ. ಹಿಮಯುಗದ ತುತ್ತತುದಿಯಿಂದ ಜಗತ್ತಿನ ಸರಾಸರಿ ಉಷ್ಣತೆ ಐದಾರು ಡಿಗ್ರಿ ಏರುವುದಕ್ಕೆ ಸಾವಿರಾರು ವರ್ಷಗಳು ಹಿಡಿದುವು. ಕಳೆದ ನೂರೈವತ್ತು ವರ್ಷಗಳಲ್ಲಿಯೇ ಅದು ಒಂದು ಡಿಗ್ರಿಗೂ ಮಿಗಿಲಾಗಿ ಏರಿದೆ. ಅಂದು ನಿಧಾನವಾಗಿ ನಡೆದಾಗಲೇ ಜೊತೆ ತಪ್ಪಿದ ಮರಗಳು ಇಂದು ಓಡಬೇಕಾಗಿದೆ, ಮರಕ್ಕೋ ಕಾಲಿಲ್ಲ.

ತಿಪ್ಪೆಯ ಸಾಕ್ಷಿಯಿಂದ ಮನುಷ್ಯರ ಮೇಲೆ ಆರೋಪ ಹೊರಿಸಿದ ಪ್ರಸಂಗವೂ ಒಂದುಂಟು. ನ್ಯೂ ಮೆಕ್ಸಿಕೋ ಪ್ರಾಂತದ ಚಾಕೋ ಕಣಿವೆಯಲ್ಲಿ ಸುಮಾರು 850ರಿಂದ 1150ರವರೆಗೆ ಪ್ಯೂಬ್ಲೋ ಜನರ ಪೂರ್ವಜರು ಕಲ್ಲಿನ ಮಹಾಭವನಗಳನ್ನು ಕಟ್ಟಿದರು. ಪ್ಯೂಬ್ಲೋ ಬೊನಿಟೋ ಎಂಬ ಒಂದರಲ್ಲಿಯೇ ಆರುನೂರಕ್ಕೂ ಹೆಚ್ಚು ಕೋಣೆಗಳು. ಕಣಿವೆಯ ಭವನಗಳ ತೊಲೆಗಳಿಗೆಂದು ಎರಡು ಲಕ್ಷಕ್ಕೂ ಮಿಕ್ಕು ಮರಗಳನ್ನು ಕಡಿದಿರಬೇಕೆಂದು ಅಂದಾಜು. ಅವುಗಳಲ್ಲಿ ಬಹಳಷ್ಟನ್ನು ಎಪ್ಪತ್ತು ಎಂಬತ್ತು ಕಿಲೋಮೀಟರು ದೂರದ ಬೆಟ್ಟಗಳಿಂದ ಹೊತ್ತು ತಂದರು. ಗಾಡಿಯಿಲ್ಲ, ಎತ್ತಿಲ್ಲ, ಹೆಗಲೇ ಗತಿ. ಇಂದು ಆ ಕಣಿವೆ ಬೋಳು. ಹೂಲಿಯೋ ಬೆಟನ್ಕೋರ್ ಮತ್ತು ಥಾಮಸ್ ವ್ಯಾನ್ ಡೆವೆಂಡರ್ 1981ರಲ್ಲಿ ಅಲ್ಲಿನ ತಿಪ್ಪೆಗಳನ್ನು ಓದಿ, ಸಾವಿರಾರು ವರ್ಷ ಕಣಿವೆಯಲ್ಲಿದ್ದ ಪಿನ್ಯನ್ ಮತ್ತು ಜೂನಿಪರ್ ಮರಗಳು ಈ ಜನ ಬಾಳಿದ ಕಾಲಕ್ಕೇ ಮಾಯವಾದುವೆಂದೂ ಸೌದೆಗಾಗಿ ಕಡಿದುದೇ ಅದಕ್ಕೆ ಕಾರಣವಿರಬೇಕೆಂದೂ ಬರೆದರು. ವಿಷಯ ಜನಪ್ರಿಯವಾಯಿತು. ತಮ್ಮ ಕಾಡನ್ನು ತಾವೇ ಉರಿಸಿ ಹಾಳಾದ ಜನಾಂಗವೆಂದು ಚಾಕೋವಿನವರು ಪುಸ್ತಕಗಳಲ್ಲಿ ದೃಷ್ಟಾಂತವಾಗಿಬಿಟ್ಟರು.

2014ರಲ್ಲಿ ವಿಲ್ಸ್ ಎಂಬ ಪುರಾತತ್ತ್ವಜ್ಞರೂ ಅವರ ಸಂಗಡಿಗರೂ ಈ ತೀರ್ಪನ್ನು ಪ್ರಶ್ನಿಸಿದರು. ಜನರೇ ಕಾಡನ್ನು ಕಡಿದು ಬರಿದು ಮಾಡಿದರೆಂಬುದಕ್ಕೆ ಇರುವ ಸಾಕ್ಷ್ಯ ಸಾಲದೆಂದು ಅವರ ವಾದ. ತಿಪ್ಪೆಯಲ್ಲಿ ಪಿನ್ಯನ್ ಇಲ್ಲದಿದ್ದ ಮಾತ್ರಕ್ಕೆ ಬೆಟ್ಟದಲ್ಲಿರಲಿಲ್ಲವೆಂದಾಗದು. ಇಲ್ಲವಾದರೂ ಕೊಡಲಿಯಿಂದ ಇಲ್ಲವಾಯಿತೋ ಬರದಿಂದಲೋ ಎಂಬುದನ್ನು ತಿಪ್ಪೆ ಹೇಳದು. ನನಗೆ ಈ ಎರಡನೆಯ ಪಕ್ಷದ ಎಚ್ಚರಿಕೆಯೇ ಹೆಚ್ಚು ಸರಿಯೆನ್ನಿಸುತ್ತದೆ. ಗ್ರಂಥಪಾತವಾದ ಜಾಗದಲ್ಲಿ ಸಂಪಾದಕನು ತನಗೆ ಹಿತವಾದ ಪಾಠವನ್ನು ತುಂಬಿ, ಅದರ ಆಧಾರದ ಮೇಲೆ ಕವಿಯ ಶೀಲವನ್ನು ನಿರ್ಣಯಿಸಬಾರದು. ಅದರಲ್ಲಿಯೂ ಇಲ್ಲಿ ಆರೋಪಕ್ಕೊಳಗಾದವರ ಸಂತತಿಯವರಾದ ಹೋಪಿ, ಜ಼ೂನಿ ಮೊದಲಾದ ಜನ ಇಂದಿಗೂ ಅಲ್ಲಿಯೇ ಬಾಳುತ್ತಿದ್ದಾರೆ. ಆ ಕಣಿವೆಯನ್ನು ಪವಿತ್ರವೆಂದು ಭಾವಿಸುತ್ತಾರೆ. ಒಂದು ಜನಾಂಗವನ್ನು ಕಾಡುಗಳ್ಳರೆನ್ನುವ ಮೊದಲು ಇಲಿಗಿಂತ ದೊಡ್ಡ ಸಾಕ್ಷಿ ಬೇಡವೆ?

ಆಫ್ರಿಕದ ದಕ್ಷಿಣ ತುದಿಯಲ್ಲಿ ಇದೇ ಕೆಲಸವನ್ನು ಬೇರೊಂದು ಪ್ರಾಣಿ ಮಾಡಿಕೊಟ್ಟಿದೆ. ಹೈರಾಕ್ಸ್ ಎಂದು ಅದರ ಹೆಸರು. ಅಲ್ಲಿಯವರು ಡಾಸಿ ಎನ್ನುತ್ತಾರೆ. ನೋಡಲು ಬಾಲವಿಲ್ಲದ ದೊಡ್ಡ ಇಲಿಯಂತಿದ್ದರೂ ಅದಕ್ಕೆ ಹತ್ತಿರದ ನಂಟರು ಆನೆ ಮತ್ತು ಕಡಲಹಸು ಎಂದರೆ ನಂಬುವುದು ಕಷ್ಟ. ಈ ಪ್ರಾಣಿಗಳು ಬಂಡೆಗಳ ನಡುವೆ ಗುಂಪಾಗಿ ಬಾಳುತ್ತವೆ; ತಲೆತಲಾಂತರದಿಂದ ಒಂದೇ ಜಾಗದಲ್ಲಿ ಮಲಮೂತ್ರ ವಿಸರ್ಜಿಸುವ ಶಿಸ್ತುಳ್ಳವು. ಮೂತ್ರ ಪದರಪದರವಾಗಿ ಒಣಗಿ ಕಲ್ಲಿನಂತಾಗುತ್ತದೆ. ಅಲ್ಲಿಯ ಜನ ಅದನ್ನು ಔಷಧವಾಗಿ ಬಳಸಿದರು. ಸುಗಂಧದ್ರವ್ಯ ಮಾಡುವವರೂ ಕೊಂಡೊಯ್ದರು. ಗಂಟಿಲಿಯ ತಿಪ್ಪೆ ಒಂದು ಶಾಸನದಂತೆ: ಒಂದು ಕಾಲದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತದೆ. ಹೈರಾಕ್ಸಿನದು ಶ್ಯಾನುಭೋಗರ ಕಡತದಂತೆ: ವಂಶಪಾರಂಪರ್ಯವಾಗಿ ಬರೆಯುತ್ತಲೇ ಹೋದುದು.

ದಕ್ಷಿಣ ಆಫ್ರಿಕದ ಒಣಸೀಮೆಗಳಲ್ಲಿ ಪರಾಗವನ್ನು ಉಳಿಸಿಕೊಳ್ಳುವ ಸರೋವರಗಳೂ ಜೌಗುಗಳೂ ಬಹಳ ಕಡಮೆ. ಆದ್ದರಿಂದ ಆ ನಾಡಿನ ಹಳೆಯ ವಾಯುಗುಣದ ಪುಟಗಳು ಬಹುಮಟ್ಟಿಗೆ ಖಾಲಿಯಾಗಿದ್ದುವು. ಬ್ಲೂಮ್‌ಫಾಂಟೇನಿನ ಲೂಯಿ ಸ್ಕಾಟ್, ಫ್ರಾನ್ಸಿನ ಮಾಂಪೆಲಿಯೇ ನಗರದಿಂದ ಬಂದ ಬ್ರಯನ್ ಚೇಸ್ ಮೊದಲಾದವರು ಈ ಗಟ್ಟಿಗಳನ್ನು ಕೊಯ್ದು, ಪದರಗಳೊಳಗೆ ಸಿಕ್ಕಿದ ಪರಾಗವನ್ನು ಎಣಿಸಿದರು; ಸಾರಜನಕದ ಎರಡು ಬಗೆಗಳ ಪ್ರಮಾಣವನ್ನು ಅಳೆದರು. ನೆಲ ಒಣಗಿದ್ದಾಗ ಅದರಲ್ಲಿ ಬೆಳೆದ ಗಿಡಗಳಲ್ಲಿ ಭಾರವಾದ ಸಾರಜನಕ ಹೆಚ್ಚು; ಅವನ್ನು ಮೇಯ್ದ ಹೈರಾಕ್ಸಿನ ಮೂತ್ರದಲ್ಲಿಯೂ ಹೆಚ್ಚು. ಹೀಗೆ ಮಳೆ ಬೆಳೆಗಳ ಲೆಕ್ಕ ಬಂಡೆಯ ಮೇಲೆ ಬಿದ್ದಿದೆ. ಕೇಪ್ ಪ್ರಾಂತದ ಸೀಡರ್ಬರ್ಗ್ ಬೆಟ್ಟಗಳಲ್ಲಿ ಸಿಕ್ಕಿದ ಒಂದು ಗಟ್ಟಿ ಸುಮಾರು 19,000 ವರ್ಷಗಳ ಏರಿಳಿತವನ್ನು ಹೇಳುತ್ತದೆ. ಉತ್ತರದ ಅಟ್ಲಾಂಟಿಕ್ ಸಾಗರದ ಸುತ್ತ ಸುಮಾರು 12,800 ವರ್ಷಗಳ ಹಿಂದೆ ಚಳಿ ಮರುಕಳಿಸಿದ ಕಾಲದ ನೆರಳು ಭೂಮಿಯ ಇನ್ನೊಂದು ಬದಿಯ ಈ ಗಟ್ಟಿಯಲ್ಲಿಯೂ ಕಾಣಿಸಿದೆ.

ಇನ್ನು ಮೂರನೆಯ ತಿಪ್ಪೆಯೊಂದರ ಮಾತನ್ನು ಹೇಳಬೇಕು. ಅರಿಜೋನದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯ ಪಶ್ಚಿಮದ ತುದಿಯಲ್ಲಿ, ಕೊಲರಾಡೋ ನದಿಯಿಂದ ಮೇಲೆ, ರ‍್ಯಾಂಪಾರ್ಟ್ ಗುಹೆ ಇದೆ. ಕರಡಿಯಷ್ಟು ದೊಡ್ಡದಾದ, ನೆಲದ ಮೇಲೆಯೇ ನಡೆಯುತ್ತಿದ್ದ ಸ್ಲಾತ್ ಎಂಬ ಪ್ರಾಣಿ ಸಾವಿರಾರು ವರ್ಷಗಳ ಕಾಲ ಅಲ್ಲಿ ಬಂದು ತಂಗುತ್ತಿತ್ತು. ಸುಮಾರು ಹನ್ನೊಂದು ಸಾವಿರ ರೇಡಿಯೋಕಾರ್ಬನ್ ವರ್ಷಗಳ ಹಿಂದೆ ಆ ಪ್ರಾಣಿಯ ವಂಶ ಅಳಿಯಿತು; ಅದರ ಲದ್ದಿ ಉಳಿಯಿತು. 1936ರಲ್ಲಿ ಗುಹೆ ಪತ್ತೆಯಾದಾಗ ನೆಲದ ತುಂಬ ಲದ್ದಿಯ ದಪ್ಪನೆಯ ಹಾಸು, ನಿನ್ನೆ ಮೊನ್ನೆಯದೋ ಎಂಬಷ್ಟು ಹೊಸದಾಗಿ ಬಿದ್ದಿತ್ತು. ಪಾಲ್ ಮಾರ್ಟಿನ್ ಮತ್ತಿತರರು ಅದರಿಂದ ಆ ಪ್ರಾಣಿಯ ಊಟದ ಪಟ್ಟಿಯನ್ನೇ ಬರೆದರು. ಗುಹೆಗೆ ಬಾಗಿಲು ಹಾಕಿ ಬೀಗವನ್ನೂ ಹಾಕಿದ್ದರು. 1976ರ ಬೇಸಗೆಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಒಳಹೊಕ್ಕ ಯಾರದೋ ಅಜಾಗ್ರತೆಯೋ ಕಿಡಿಗೇಡಿತನವೋ ಕಾರಣವೆನ್ನುತ್ತಾರೆ. ಒಣಗಿ ಬೆರಣಿಯಂತಾಗಿದ್ದ ಲದ್ದಿ ತಿಂಗಳುಗಟ್ಟಲೆ ಒಳಗೊಳಗೇ ಕನಲಿ ಉರಿಯಿತು. ಆರಿಸಲು ಮಾಡಿದ ಪ್ರಯತ್ನಗಳು ಕೈಗೂಡುವ ಹೊತ್ತಿಗೆ ಬಹುಪಾಲು ಬೂದಿಯಾಗಿತ್ತು. ಓಲೆಗರಿಗಳನ್ನು ಒಲೆಗೆ ಹಾಕಿ ನೀರು ಕಾಯಿಸಿದವರ ಕಥೆಯನ್ನು ನಮ್ಮ ಹಿರಿಯರಿಂದ ಕೇಳಿದ್ದ ನನಗೆ ಇದನ್ನು ಓದಿದ ದಿನ ಊಟ ಸೇರಲಿಲ್ಲ.

ಇದೇ ಜಾತಿಯ ಸ್ಲಾತ್ ನೆವಾಡದ ಜಿಪ್ಸಮ್ ಗುಹೆಯಲ್ಲಿಯೂ ತನ್ನ ಲದ್ದಿಯನ್ನು ಬಿಟ್ಟುಹೋಗಿದೆ. ಅದರಲ್ಲಿ ಜೋಶುವಾ ಮರದ ಚೂರುಗಳಿವೆ. ಜೋಶುವಾ ನಮ್ಮ ಕತ್ತಾಳೆಯ ದೂರದ ಬಂಧು. ಮೊಹಾವೆ ಮರುಭೂಮಿಯಲ್ಲಿ ಕೈಗಳನ್ನೆತ್ತಿ ನಿಂತ ಮುದುಕರ ಹಾಗೆ ಕಾಣುತ್ತದೆ. ಹಿಮಯುಗದಲ್ಲಿ ಅದು ಇಂದಿಗಿಂತ ಬಹಳ ದಕ್ಷಿಣದವರೆಗೂ ಹಬ್ಬಿತ್ತೆಂದು ಗಂಟಿಲಿಯ ತಿಪ್ಪೆಗಳು ಹೇಳುತ್ತವೆ. ಸೆಕೆಯೇರಿದಾಗ ದಕ್ಷಿಣದವು ಸತ್ತುವು. ಉತ್ತರಕ್ಕೆ ಮಾತ್ರ ಅದು ಹೆಚ್ಚು ಮುಂದುವರಿಯಲಿಲ್ಲ. ಅದರ ಕಾಯಿಯನ್ನು ತಿಂದು ಬೀಜಗಳನ್ನು ದೂರ ದೂರಕ್ಕೆ ಒಯ್ಯುತ್ತಿದ್ದ ಸ್ಲಾತ್ ಅಷ್ಟರಲ್ಲಿ ಇಲ್ಲವಾಗಿದ್ದುದೇ ಕಾರಣವಿರಬಹುದೆಂದು ಕೆನೆತ್ ಕೋಲ್ ಮತ್ತು ಅವರ ಸಂಗಡಿಗರು 2011ರಲ್ಲಿ ಬರೆದರು. ಅಂದಿನಿಂದ ಆ ಮರದ ಮುನ್ನಡೆ ವರ್ಷಕ್ಕೆ ಒಂದೆರಡು ಮೀಟರಿಗಿಂತ ಹೆಚ್ಚಿಲ್ಲವೆಂದು ಅವರ ಅಂದಾಜು. ಅದರ ಹೆಸರಿನಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನವೊಂದು ಅದರ ನೆಲೆಯ ದಕ್ಷಿಣದ ಅಂಚಿನಲ್ಲಿದೆ. ಸೆಕೆ ಹೀಗೆಯೇ ಏರಿದರೆ ಅಲ್ಲಿ ಅದಕ್ಕೆ ನೆಲೆ ಬಹಳ ಕಿರಿದಾಗುವುದೆಂದು ಲೆಕ್ಕ ಹಾಕಿದ್ದಾರೆ. ಈಗ ಜೋಶುವಾ ಮರದ ಬೀಜವನ್ನು ಹೊತ್ತೊಯ್ಯಲು ಉಳಿದವರು ಇಲಿ ಅಳಿಲುಗಳಂಥ ಸಣ್ಣ ಪ್ರಾಣಿಗಳೇ. ಅವು ಬೀಜವನ್ನು ಎತ್ತಿಕೊಂಡು ಕೆಲವೇ ಗಜಗಳಾಚೆ ಮಣ್ಣಿನಲ್ಲಿ ಹೂತಿಡುತ್ತವೆ. ಕೆಲವನ್ನು ಆಮೇಲೆ ಅಗೆದು ತಿನ್ನುತ್ತವೆ, ಕೆಲವನ್ನು ಮರೆತುಬಿಡುತ್ತವೆ. ಮರೆತವು ಮೊಳೆಯುತ್ತವೆ.